‘ಎಚ್ಚೆತ್ತು’ ಪದದೊಳಗೆ ‘ಎತ್ತು’ ಇಲ್ಲ

‘ಎಚ್ಚರ’ದ ಬಗ್ಗೆ ನೀವು ಕಳಿಸಿದ ಬರಹ ಓದಿದೆ. ಶಿವರಾತ್ರಿ ಜಾಗರಣೆಯಲ್ಲಿ ತೂಕಡಿಸುವ ನಿಮ್ಮ ಕಣ್ಣಿಗೆ ಅಜ್ಜಿ ತಣ್ಣೀರು ಚಿಮುಕಿಸುವ ಭಾಗ ಚೆನ್ನಾಗಿದೆ.

ಆದರೆ ಎರಡನೇ ಪ್ಯಾರಾ ನನಗೆ ನಿದ್ದೆ ಕೊಡಲಿಲ್ಲ. ‘ಎಚ್ಚೆತ್ತುಕೊಳ್ಳು ಎಂದರೆ ಎಚ್ಚರವನ್ನು ಎತ್ತಿಕೊಳ್ಳುವುದು’ ಎಂದಿದ್ದೀರಿ. ಕೇಳೋಕೆ ಹಿತವಾಗಿದೆ, ಆದರೆ ತಪ್ಪು.

ಹೊರು–ಹೊತ್ತು, ಹೆರು–ಹೆತ್ತು, ತೆರು–ತೆತ್ತು. ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ‘ಹೊತ್ತು’ ಅನ್ನುವಲ್ಲಿ ಯಾರೂ ‘ಎತ್ತು’ ಹುಡುಕುವುದಿಲ್ಲ. ಹಳಗನ್ನಡದಲ್ಲಿ ‘ಎಚ್ಚರು’ ಎಂಬ ಕ್ರಿಯಾಪದವೇ ಇತ್ತು. ನಿದ್ದೆಯಿಂದ ಏಳು ಎಂದರ್ಥ. ‘ಹೊರು’ ‘ಹೊತ್ತು’ ಆದಂತೆಯೇ ಅದು ‘ಎಚ್ಚತ್ತು’ ಆಯಿತು, ಈಗ ‘ಎಚ್ಚೆತ್ತು’ ಆಗಿದೆ. ‘ಎಚ್ಚರು’ ನಮ್ಮ ಮಾತಿನಿಂದ ಮರೆಯಾಯಿತು, ‘ಎಚ್ಚರ’ ಉಳಿಯಿತು. ತಾಯಿ ಪದ ಕಾಣದ್ದರಿಂದ ನೀವು ಬೇರೆ ತಾಯಿಯನ್ನು ಹುಡುಕಿಕೊಟ್ಟಿರಿ. ಇನ್ನೂ ಹಿಂದೆ ಹೋದರೆ ‘ಎೞ್ಚತ್ತು’ ಎಂಬ ರೂಪ ಸಿಗುತ್ತದೆ. ಆ ‘ೞ’ ನಮ್ಮ ‘ಏಳು’ ಪದದ್ದೇ. ಅದನ್ನು ಆಗ ‘ಏೞ್’ ಎಂದು ಬರೆಯುತ್ತಿದ್ದರು.

ಮುಂದಿನ ಸಾಲು, ‘ಎಚ್ಚರ, ಜಾಗೃತಿ ಎರಡೂ ಒಂದೇ’. ಒಂದೇನಾ? ಬಿಸಿಲಿಗೆ ತಲೆ ಸುತ್ತಿ ಬಿದ್ದವರನ್ನು ಕಂಡು ‘ಎಚ್ಚರ ತಪ್ಪಿತು’ ಎನ್ನುತ್ತೇವೆ. ಜಾಗೃತಿ ತಪ್ಪಿತು ಅನ್ನುವುದಿಲ್ಲ, ಅಲ್ವಾ? ನಿದ್ದೆ ಮುಗಿದರೂ ಎಚ್ಚರ, ಪ್ರಜ್ಞೆ ಇದ್ದರೂ ಎಚ್ಚರ, ರಸ್ತೆ ದಾಟುವಾಗಲೂ ಎಚ್ಚರ. ಇಷ್ಟು ಹರವಿನ ಪದವನ್ನು ಸುಮ್ನೆ ಒಂದು ಸಾಲಿನಲ್ಲಿ ಮುಗಿಸಿದ್ದೀರಿ.

ಪದಕ್ಕೆ ಇಲ್ಲದ ತಾಯಿಯನ್ನು ಹುಡುಕಿಕೊಡುವ ತಪ್ಪನ್ನು ನಾನೂ ಮಾಡಿದ್ದೆ. ಚಾಮರಾಜಪೇಟೆಯ ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ದಿನಗಳವು. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದಕ್ಕೇ ಈ ಊರು ‘ಬೆಂದಕಾಳೂರು’, ಆಮೇಲೆ ಬೆಂಗಳೂರು ಆಯಿತು ಎಂದು ಬರೆದುಕೊಟ್ಟೆ. ನಮ್ಮ ಹಿರಿಯರು ಹಾಳೆ ಮಡಚಿ ವಾಪಸ್ ಕೊಟ್ಟರು. ‘ಬೇಗೂರಿಗೆ ಹೋಗಿ ಬಾ, ಆಮೇಲೆ ಮಾತಾಡೋಣ’ ಎಂದರು. ಬಸ್ಸು ಹಿಡಿದು ಹೋದೆ. ಅಲ್ಲಿನ ನಾಗೇಶ್ವರ ದೇವಸ್ಥಾನದ ಶಾಸನದಲ್ಲಿ ಬೆಂಗಳೂರು ಕಾಳಗದ ಮಾತಿದೆ. ಅದು ಸುಮಾರು ಕ್ರಿ.ಶ. 890ರದ್ದು. ಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲೇ ಊರಿಗೆ ಈ ಹೆಸರಿತ್ತು! ಆ ಕಲ್ಲಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಸಂಜೆ ವಾಪಸ್ ಬಂದು ಇಡೀ ಲೇಖನ ಹೊಸದಾಗಿ ಬರೆದೆ.

ನೀವೂ ಆ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಮೊದಲು ಕಿಟೆಲ್ ಅವರ 1894ರ ನಿಘಂಟಿನಲ್ಲಿ ‘ಎ’ ಅಕ್ಷರದ ಪುಟಗಳನ್ನು ನಿಧಾನವಾಗಿ ತಿರುವಿ ಹಾಕಿ. ಅಜ್ಜಿಯ ತಣ್ಣೀರನ್ನು ಮಾತ್ರ ಮುಟ್ಟಬೇಡಿ.