ಬಿದ್ದ ಆಟಗಾರನಿಗೆ ಚಪ್ಪಾಳೆ: ಒಂದು ಆಪ್ತಸಲಹೆ ಪ್ರಕರಣ

ಈ ಕುಟುಂಬ ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಹೊರವಲಯದಲ್ಲಿದೆ. ನಾನೂ ಅದೇ ರಾಜ್ಯದಲ್ಲಿ ಪರವಾನಗಿ ಪಡೆದು ವೃತ್ತಿ ನಡೆಸುವವಳಾದ್ದರಿಂದ ಕನ್ನಡ ಮನೆಗಳ ಪ್ರಕರಣಗಳು ಆಗಾಗ ನನ್ನಲ್ಲಿಗೆ ಬರುತ್ತವೆ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ; ಬರೆಯುವುದಕ್ಕೆ ದಂಪತಿಯ ಒಪ್ಪಿಗೆಯಿದೆ. ಗೃಹಸ್ಥರು ಹಳೇ ಮೈಸೂರು ಕಡೆಯವರು, ಐವತ್ತರ ಆಸುಪಾಸಿನ ಇಂಜಿನಿಯರ್. ಪತ್ನಿಗೆ ಲ್ಯಾಬೊಂದರಲ್ಲಿ ಕೆಲಸ. ಒಬ್ಬನೇ ಮಗ, ಹದಿಮೂರು ವರ್ಷದವನು. ಮೊದಲು ನನ್ನನ್ನು ಸಂಪರ್ಕಿಸಿದವರು ಪತ್ನಿ. ಅಮೆರಿಕನ್ ಫುಟ್‌ಬಾಲ್ ಪಂದ್ಯಗಳು ನಡೆಯುವ ಸೆಪ್ಟೆಂಬರಿನಿಂದ ಜನವರಿಯವರೆಗೆ ಭಾನುವಾರ ಸಂಜೆ ಇವರೊಂದಿಗೆ ಒಂದೇ ಮನೆಯಲ್ಲಿರುವುದು ಕಷ್ಟವಾಗಿದೆ, ಅದನ್ನು ಹೇಗೋ ಸಹಿಸಿಕೊಂಡಿದ್ದೆ, ಆದರೆ ಈಗ ಮಗ ಅಪ್ಪನ ಜೊತೆ ಮಾತು ಬಿಟ್ಟಿದ್ದಾನೆ ಎಂಬುದು ಅವರ ದೂರಿನ ಸಾರ.

ಮಗ ಮಾತು ಬಿಟ್ಟದ್ದಕ್ಕೆ ನಿರ್ದಿಷ್ಟ ಕಾರಣವಿತ್ತು. 2024ರ ಅಕ್ಟೋಬರ್ 20ರಂದು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ತವರಿನ ಮೈದಾನದಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧ ಆಡುತ್ತಿತ್ತು. ಅಪ್ಪ ಮಗ ಇಬ್ಬರೂ ಕ್ರೀಡಾಂಗಣದಲ್ಲಿದ್ದರು. ಮೊದಲಾರ್ಧ ಮುಗಿಯುವ ಮುನ್ನ ಬ್ರೌನ್ಸ್ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರ) ಡೆಶಾನ್ ವಾಟ್ಸನ್ ಯಾರೂ ಮುಟ್ಟದೆಯೇ ಕುಸಿದು ಬಿದ್ದರು. ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿದಿತ್ತು. ಅವರು ನೆಲದ ಮೇಲಿರುವಾಗಲೇ ತವರಿನ ಪ್ರೇಕ್ಷಕರಲ್ಲಿ ಒಂದು ಭಾಗ ಹರ್ಷೋದ್ಗಾರ ಮಾಡಿತು. ಇದು ಪತ್ರಿಕೆಗಳಲ್ಲೂ ಬಂದ ಸಂಗತಿ. ಪಂದ್ಯದ ನಂತರ ಅದೇ ತಂಡದ ಆಟಗಾರ ಮೈಲ್ಸ್ ಗ್ಯಾರೆಟ್ ತಮ್ಮ ಅಭಿಮಾನಿಗಳ ಈ ವರ್ತನೆಯನ್ನು ಬಹಿರಂಗವಾಗಿಯೇ ಖಂಡಿಸಿದರು. ನಮ್ಮ ಗೃಹಸ್ಥರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. "ಅಪ್ಪ, ಅವರಿಗೆ ಏಟಾಗಿದೆ, ನೀವು ಯಾಕೆ ಚಪ್ಪಾಳೆ ಹೊಡೀತಿದೀರಿ?" ಎಂದು ಮಗ ಕೇಳಿದ್ದಕ್ಕೆ, "ಇದಕ್ಕೆ ಮೂರು ವರ್ಷದಿಂದ ಕಾದಿದ್ದೆ" ಎಂದಿದ್ದರು. ಮಗ ಮನೆಗೆ ಬಂದವನೇ ಅಮ್ಮನಿಗೆ ಹೇಳಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ.

ಇಂಥ ದೂರು ಬಂದಾಗ ಮನಸ್ಸಿನ ಆಳಕ್ಕಿಳಿಯುವ ಮೊದಲು ನಾನು ಕುಡಿತ, ಬಾಜಿ ಮತ್ತು ಕೈ ಮಾಡುವ ಅಭ್ಯಾಸದ ಬಗ್ಗೆ ಕೇಳುತ್ತೇನೆ. ಪತ್ನಿಯನ್ನು ಪ್ರತ್ಯೇಕವಾಗಿ ಕೂರಿಸಿಯೇ ಕೇಳುತ್ತೇನೆ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಗೆಲ್ಲುತ್ತದೆಂದು ನಿರೀಕ್ಷಿಸಿದ್ದ ತವರಿನ ಫುಟ್‌ಬಾಲ್ ತಂಡ ಸೋತ ದಿನ ಗಂಡಸರು ಮನೆಯಲ್ಲಿ ಹೆಂಡತಿ ಅಥವಾ ಸಂಗಾತಿಯ ಮೇಲೆ ನಡೆಸುವ ಹಲ್ಲೆ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಸೋಲು ಮೊದಲೇ ನಿರೀಕ್ಷಿತವಾಗಿದ್ದರೆ ಹಾಗಾಗುವುದಿಲ್ಲ. ಬ್ರೌನ್ಸ್ ಸೋಲುವುದು ಲೋಕಕ್ಕೆಲ್ಲ ನಿರೀಕ್ಷಿತವೇ ಆದರೂ ಈ ಗೃಹಸ್ಥರು ಪ್ರತಿ ಭಾನುವಾರ ಗೆಲುವನ್ನೇ ನಿರೀಕ್ಷಿಸುವವರಾದ್ದರಿಂದ ಆ ಸಮಾಧಾನ ನನಗೆ ಸಾಲಲಿಲ್ಲ. ಹೊಡೆತವಿರಲಿಲ್ಲ. ಆದರೆ ಟಿವಿ ರಿಮೋಟಿನ ಬ್ಯಾಟರಿ ಮುಚ್ಚಳಕ್ಕೆ ಟೇಪ್ ಸುತ್ತಿಟ್ಟಿದ್ದೇನೆ ಎಂದು ಪತ್ನಿ ಹೇಳಿದರು. ಅದು ಗೋಡೆಗೆ ಬಡಿದು ಮುರಿದದ್ದು. ಸೋತ ಸಂಜೆ ಊರಿಗೆ ವಿಡಿಯೋ ಕರೆ ಮಾಡುವುದಿಲ್ಲ, ಅತ್ತೆಯವರು ತಮ್ಮ ಮಗನ ಮುಖ ನೋಡಿ ಗಾಬರಿಯಾಗುತ್ತಾರೆ ಎಂದೂ ಹೇಳಿದರು. ಏಟು ಬೀಳದಿದ್ದರೂ ಇದು ಭಯವೇ ಎಂದು ನಾನು ಗೃಹಸ್ಥರಿಗೆ ನೇರವಾಗಿ ಹೇಳಿದೆ, ಇನ್ನೊಮ್ಮೆ ವಸ್ತು ಎಸೆದರೆ ನಮ್ಮ ಮಾತುಕತೆಯ ವಿಷಯವೇ ಬೇರೆಯಾಗುತ್ತದೆ ಎಂದೂ ಎಚ್ಚರಿಸಿದೆ.

ಬಾಜಿಯ ವಿಷಯದಲ್ಲಿ ಸಿಕ್ಕ ಉತ್ತರ ಕುತೂಹಲಕರವಾಗಿತ್ತು. ಒಹಾಯೊದಲ್ಲಿ 2023ರ ಜನವರಿ 1ರಿಂದ ಕ್ರೀಡಾ ಬಾಜಿ ಕಾನೂನುಬದ್ಧ, ಫೋನಿನಲ್ಲೇ ಕಟ್ಟಬಹುದು. ಇವರು ಕಟ್ಟುತ್ತಿದ್ದ ಹಣ ಚಿಕ್ಕದು, ಆದರೆ ತಮ್ಮದೇ ಕ್ವಾರ್ಟರ್‌ಬ್ಯಾಕ್ ಎಸೆತಗಳಿಂದ ತಂಡವನ್ನು ಇಷ್ಟು ಗಜ ಮುಂದೊಯ್ಯುವುದಿಲ್ಲ ಎಂದೇ ಕಟ್ಟುತ್ತಿದ್ದರು. ಸೋತರೆ ಹಣವಾದರೂ ಬರಲಿ ಎಂಬ ಲೆಕ್ಕಾಚಾರ. ಹೀಗೆ ಒಬ್ಬ ಮನುಷ್ಯನ ವೈಫಲ್ಯದಲ್ಲಿ ತಿಂಗಳುಗಟ್ಟಲೆ ಲಾಭ ಕಾಣುತ್ತಾ ಬಂದವರ ಕೈ, ಅವನು ಬಿದ್ದಾಗ ತಾನಾಗಿಯೇ ಚಪ್ಪಾಳೆ ತಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ನಾನು ಕೊಟ್ಟ ಮೊದಲ ಸಲಹೆ ಆ ಖಾತೆಯನ್ನು ಮುಚ್ಚುವುದಾಗಿತ್ತು. ಹಣಕಾಸಿನ ದೃಷ್ಟಿಯಿಂದ ಅದು ತುರ್ತೇನೂ ಆಗಿರಲಿಲ್ಲ, ಮನಸ್ಸಿನ ದೃಷ್ಟಿಯಿಂದ ಆಗಿತ್ತು.

ನಮ್ಮ ವೃತ್ತಿಯಲ್ಲಿ ಒಂದು ಪ್ರಲೋಭನೆಯಿದೆ: ಮುಂದಿರುವ ದುಃಖದ ಹಿಂದೆ ಇನ್ನೊಂದು ದುಃಖವನ್ನು ಹುಡುಕುವುದು. ಫುಟ್‌ಬಾಲಿನ ಸಿಟ್ಟು ಎಂದು ಬಂದವರಿಗೆ, ಇದು ನಿಜವಾಗಿ ನಿಮ್ಮ ಮೇಲಧಿಕಾರಿಯ ಮೇಲಿನ ಸಿಟ್ಟು ಎಂದು ಹೇಳಿ ಕಳುಹಿಸುವುದು ಸುಲಭ. ನಾನೂ ಕೆದಕಿ ನೋಡಿದೆ. ನೌಕರಿ ಸುಭದ್ರ, ಆರೋಗ್ಯ ಸರಿ, ದಾಂಪತ್ಯ ವಾರದ ಉಳಿದ ದಿನಗಳಲ್ಲಿ ಚೆನ್ನಾಗಿಯೇ ಇದೆ. ಅವರ ಸಂಕಟ ಫುಟ್‌ಬಾಲಿನದೇ ಆಗಿತ್ತು, ಮತ್ತು ಅದನ್ನು ಹಾಗೆಯೇ ಒಪ್ಪಿಕೊಂಡ ಮೇಲೆ ಮಾತ್ರ ಕೆಲಸ ಮುಂದುವರಿಯಿತು. ಹದಿನೆಂಟನೆಯ ವರ್ಷ ಕಪ್ ಕಂಡ ಆರ್‌ಸಿಬಿ ಅಭಿಮಾನಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಕ್ಲೀವ್‌ಲ್ಯಾಂಡಿಗೆ ಬಂದದ್ದು 1999ರಲ್ಲಿ. ಬ್ರೌನ್ಸ್ ಮರಳಿ ಬಂದದ್ದೂ ಅದೇ ವರ್ಷ. 1995ರ ಋತುವಿನ ನಂತರ ಅಂದಿನ ಮಾಲೀಕರು ಆಟಗಾರರನ್ನೆಲ್ಲ ಕಟ್ಟಿಕೊಂಡು ಬಾಲ್ಟಿಮೋರಿಗೆ ಹೋಗಿ, ಊರು ಮೂರು ಋತು ತಂಡವಿಲ್ಲದೆ ಕಳೆದ ಮೇಲೆ, ಅದೇ ಹೆಸರು ಮತ್ತು ಬಣ್ಣಗಳಲ್ಲಿ ಹೊಸ ತಂಡವೊಂದು ಶುರುವಾಗಿತ್ತು. ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಎಲ್ಲರೂ ಮಾತಾಡುವ ವಿಷಯ ಅದೊಂದೇ ಆಗಿದ್ದ ಕಾಲದಲ್ಲಿ, ಹೊಸದಾಗಿ ಬಂದ ತರುಣನಿಗೆ ಆ ಊರಿನವನಾಗುವ ದಾರಿಯಾಗಿ ಸಿಕ್ಕಿದ್ದು ಈ ಆಟ. ಅಂದಿನಿಂದ ಅವರು ಕಂಡದ್ದರಲ್ಲಿ ಬಹುಪಾಲು ಸೋಲು. ತಂಡ ಕೊನೆಯ ಬಾರಿ ಚಾಂಪಿಯನ್ ಆದದ್ದು 1964ರಲ್ಲಿ. ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಮುಟ್ಟಿದ್ದೇ ಇಲ್ಲ. 2017ರಲ್ಲಿ ಹದಿನಾರಕ್ಕೆ ಹದಿನಾರೂ ಪಂದ್ಯ ಸೋತಾಗ ಅಭಿಮಾನಿಗಳು ಕೊರೆಯುವ ಚಳಿಯಲ್ಲಿ ಕ್ರೀಡಾಂಗಣದ ಸುತ್ತ ವ್ಯಂಗ್ಯದ ಮೆರವಣಿಗೆ ನಡೆಸಿದ್ದರು, ಅದರಲ್ಲಿ ಇವರೂ ನಡೆದಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ನಗುವಿತ್ತು. ಅಂದರೆ ಸೋಲನ್ನು ಸಹಿಸುವ ಶಕ್ತಿ ಅವರಿಗಿತ್ತು, ಹಾಗಿದ್ದರೆ 2022ರ ನಂತರ ಬದಲಾದದ್ದೇನು ಎಂಬುದೇ ನನ್ನ ಪ್ರಶ್ನೆಯಾಯಿತು.

ಬೇಕರ್ ಮೇಫೀಲ್ಡ್ ಎಂಬ ಕ್ವಾರ್ಟರ್‌ಬ್ಯಾಕ್ 2020ರ ಋತುವಿನಲ್ಲಿ ತಂಡವನ್ನು ಪ್ಲೇಆಫ್‌ಗೆ ಒಯ್ದು, ಬದ್ಧವೈರಿ ಪಿಟ್ಸ್‌ಬರ್ಗ್ ತಂಡವನ್ನು ಅವರದೇ ಊರಿನಲ್ಲಿ 48-37ರಿಂದ ಸೋಲಿಸಿದ್ದರು. ಮಗನಿಗೆ ಆಟ ಹತ್ತಿದ್ದು ಆಗಲೇ. 2022ರ ಮಾರ್ಚಿನಲ್ಲಿ ಆಡಳಿತ ಮಂಡಳಿ ಹೊಸ ಆಟಗಾರರನ್ನು ಮೊದಲ ಸುತ್ತಿನಲ್ಲಿ ಆರಿಸಿಕೊಳ್ಳುವ ಮೂರು ಅವಕಾಶಗಳನ್ನೂ ಇನ್ನಷ್ಟನ್ನೂ ಹ್ಯೂಸ್ಟನ್‌ಗೆ ಕೊಟ್ಟು ವಾಟ್ಸನ್‌ರನ್ನು ತಂದು, ಐದು ವರ್ಷಕ್ಕೆ 23 ಕೋಟಿ ಡಾಲರನ್ನು ಪೂರ್ತಿ ಖಾತರಿಯೊಂದಿಗೆ ಬರೆದುಕೊಟ್ಟಿತು. ಆಗ ವಾಟ್ಸನ್ ಮೇಲೆ ಇಪ್ಪತ್ತಕ್ಕೂ ಹೆಚ್ಚು ಮಹಿಳೆಯರು, ಮಸಾಜ್ ವೇಳೆ ಅನುಚಿತವಾಗಿ ವರ್ತಿಸಿದರೆಂದು ಸಿವಿಲ್ ದಾವೆ ಹೂಡಿದ್ದರು. ಅವರು ಆರೋಪಗಳನ್ನು ಅಲ್ಲಗಳೆದರು, ಟೆಕ್ಸಾಸ್‌ನ ಗ್ರ್ಯಾಂಡ್ ಜ್ಯೂರಿಗಳು ಕ್ರಿಮಿನಲ್ ಆರೋಪ ಹೊರಿಸಲಿಲ್ಲ, ಬಹುತೇಕ ದಾವೆಗಳು ರಾಜಿಯಲ್ಲಿ ಮುಗಿದವು. ಲೀಗ್ ಅವರನ್ನು 11 ಪಂದ್ಯ ಹೊರಗಿಟ್ಟು 50 ಲಕ್ಷ ಡಾಲರ್ ದಂಡ ವಿಧಿಸಿತು. "ಅಂಥವನನ್ನು ಮಗನಿಗೆ ಹೇಗೆ ತೋರಿಸಲಿ ಮೇಡಂ, ಅದೂ ಆಡದೇ ಇರುವವನನ್ನು?" ಎಂದರು ಗೃಹಸ್ಥರು.

ಆ ವಾಕ್ಯದಲ್ಲಿ ಎರಡು ದೂರುಗಳಿದ್ದವು, ಅವನ್ನು ಬೇರ್ಪಡಿಸುವುದೇ ನಮ್ಮ ಮುಖ್ಯ ಕೆಲಸವಾಯಿತು. ನಡತೆಯ ಬಗ್ಗೆ ಆಕ್ಷೇಪವಿದ್ದರೆ ಅದು ತಂಡ ಗೆದ್ದ ದಿನವೂ ಅಷ್ಟೇ ಬಲವಾಗಿರಬೇಕು. ಗೆದ್ದ ದಿನ ನೀವು ಅದನ್ನು ನೆನೆದಿರಾ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಇಲ್ಲವೆಂದರು. ಪಕ್ಕದಲ್ಲಿದ್ದ ಪತ್ನಿ, "ನಾನು ನೆನೆದಿದ್ದೆ ಕಣ್ರೀ, ನೀವು ಕೇಳಲಿಲ್ಲ" ಎಂದರು. ಆ ಆಕ್ಷೇಪಕ್ಕೆ ನ್ಯಾಯವಾದ ದಾರಿಗಳಿವೆ: ಸೀಸನ್ ಟಿಕೆಟ್ ನವೀಕರಿಸದಿರಬಹುದು, ಮಾಲೀಕರಿಗೆ ಪತ್ರ ಬರೆಯಬಹುದು, ಆ ಹೆಸರಿನ ಜೆರ್ಸಿ ಕೊಳ್ಳದಿರಬಹುದು, ಮಗನಿಗೆ ಕಾರಣ ತಿಳಿಸಿ ಹೇಳಬಹುದು. ಹರಿದ ಸ್ನಾಯುರಜ್ಜು ಯಾವ ತಪ್ಪಿಗೂ ಶಿಕ್ಷೆಯಲ್ಲ.

ಉಳಿದದ್ದು ಆಟದ ಸಿಟ್ಟು. ಅದಕ್ಕೆ ನಾನು ಕೊಟ್ಟ ಅಭ್ಯಾಸ ಸರಳ. ಆ ಬೆಂಗಾಲ್ಸ್ ಪಂದ್ಯವನ್ನೇ ಮತ್ತೆ ನೋಡಿ, ಪ್ರತಿ ಅನಾಹುತಕ್ಕೂ ಯಾರು ಎಷ್ಟು ಹೊಣೆ ಎಂದು ಹಾಳೆಯ ಮೇಲೆ ಬರೆಯಬೇಕು: ಕ್ವಾರ್ಟರ್‌ಬ್ಯಾಕ್, ಅವನನ್ನು ಕಾಯುವ ಮುಂದಿನ ಸಾಲಿನ ಐವರು, ಚೆಂಡು ಹಿಡಿಯುವವರು, ಡಿಫೆನ್ಸ್, ಕೋಚ್, ಮಾಲೀಕರು. ಇಂಜಿನಿಯರ್ ಆದ್ದರಿಂದಲೋ ಏನೋ, ಅಂಕಣಗಳನ್ನು ಗೆರೆ ಎಳೆದು ಅಚ್ಚುಕಟ್ಟಾಗಿ ತುಂಬಿಸಿ ತಂದರು. ಮೊದಲ ಸಾಲಿನಲ್ಲೇ ಅವರ ಪೆನ್ನು ತಡವರಿಸಿತ್ತು, ಏಕೆಂದರೆ ಪಂದ್ಯದ ಆರಂಭದ ಕಿಕ್ಕನ್ನೇ ಬೆಂಗಾಲ್ಸ್ ಆಟಗಾರ ಹಿಡಿದು 100 ಗಜ ಓಡಿ ಟಚ್‌ಡೌನ್ ಮಾಡಿದ್ದ, ಅಂದರೆ ಎದುರಿನ ಗಡಿಗೆರೆ ದಾಟಿ ಅಂಕ ಗಳಿಸಿದ್ದ. ವಾಟ್ಸನ್ ಇನ್ನೂ ಚೆಂಡನ್ನೇ ಮುಟ್ಟಿರಲಿಲ್ಲ. ಅವರು ಬಿದ್ದು ಹೊರಹೋದ ಮೇಲೂ ತಂಡ 21-14ರಿಂದ ಸೋತಿತು. ಆ ಮೇಲೆ 1999ರಿಂದೀಚೆಗೆ ಬ್ರೌನ್ಸ್‌ಗಾಗಿ ಆಟ ಆರಂಭಿಸಿದ ಕ್ವಾರ್ಟರ್‌ಬ್ಯಾಕ್‌ಗಳ ಪಟ್ಟಿ ಬರೆಯಲು ಹೇಳಿದೆ. ಊರಿನ ಅಭಿಮಾನಿಗಳಿಗೆಲ್ಲ ಬಾಯಿಪಾಠವಾದ ಪಟ್ಟಿ ಅದು. ಒಬ್ಬ ಅಭಿಮಾನಿ ಒಂದೇ ಜೆರ್ಸಿಯ ಬೆನ್ನ ಮೇಲೆ ಹೆಸರುಗಳನ್ನು ಒಂದರ ಕೆಳಗೊಂದು ಅಂಟಿಸುತ್ತಾ ಹೋಗಿ ಅದು ದೇಶಕ್ಕೆಲ್ಲ ಪರಿಚಿತವಾಗಿತ್ತು. ಮೂವತ್ತಕ್ಕೂ ಹೆಚ್ಚು ಹೆಸರುಗಳು. ಅವರಲ್ಲಿ ಮೇಫೀಲ್ಡ್ ಇಲ್ಲಿಂದ ಹೋದ ಮೇಲೆ ಟ್ಯಾಂಪಾ ಬೇ ತಂಡವನ್ನು ಪ್ಲೇಆಫ್‌ನಲ್ಲಿ ಗೆಲ್ಲಿಸಿದ್ದಾರೆ. ಒಂದೇ ಕುರ್ಚಿಯಲ್ಲಿ ಕೂತವರೆಲ್ಲ ಎಡವುತ್ತಿದ್ದರೆ ನೋಡಬೇಕಾದ್ದು ಕುರ್ಚಿಯ ಕಾಲನ್ನಲ್ಲವೇ ಎಂದೆ. ಅವರು ಪಟ್ಟಿಯನ್ನೇ ನೋಡುತ್ತಾ, "ಇವರೆಲ್ಲರಿಗೂ ನಾನು ಬೈದಿದ್ದೇನೆ" ಎಂದರು.

ಕ್ವಾರ್ಟರ್‌ಬ್ಯಾಕ್ ಮೇಲೆಯೇ ಸಿಟ್ಟು ಬೀಳುವುದಕ್ಕೆ ಆಟದಲ್ಲೇ ಕಾರಣವಿದೆ. ದಾಳಿಯ ಹೆಚ್ಚುಕಡಿಮೆ ಪ್ರತಿ ಆಟವೂ ಅವನ ಕೈಯಿಂದಲೇ ಶುರುವಾಗುತ್ತದೆ, ಕ್ಯಾಮೆರಾ ಅವನ ಮುಖವನ್ನೇ ತೋರಿಸುತ್ತದೆ, ಕಾವಲಿನ ಸಾಲಿನವನು ಕಾಲು ಜಾರಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ಕೋಣೆಯಂತೂ ಟಿವಿಯಲ್ಲಿ ಬರುವುದೇ ಇಲ್ಲ.

ಮಗನ ವಿಷಯದಲ್ಲಿ ಸಲಹೆ ಖಚಿತವಾಗಿತ್ತು. ಮೂರು ವಾಕ್ಯಕ್ಕಿಂತ ಹೆಚ್ಚು ಬೇಡ, ವಿವರಣೆ ಬೇಡ, ಒಪ್ಪಂದದ ಕಥೆ ಬೇಡ. ನಾನು ಚಪ್ಪಾಳೆ ತಟ್ಟಿದ್ದು ತಪ್ಪು, ನೀನು ಕೇಳಿದ್ದು ಸರಿ, ನಿನ್ನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇನ್ನೂ ದೊಡ್ಡ ತಪ್ಪು ಎಂದು ಹೇಳಿ ಅವನ ಉತ್ತರಕ್ಕೆ ಕಾಯಬೇಕು, ಕ್ಷಮಿಸೆಂದು ಒತ್ತಾಯಿಸಬಾರದು. ಕಾರಿನಲ್ಲಿ ಶಾಲೆಗೆ ಬಿಡಲು ಹೋಗುವಾಗ ಹೇಳಿದರಂತೆ. ಮಗ "ಓಕೆ" ಎಂದಷ್ಟೇ ಹೇಳಿ ಇಳಿದು ಹೋದ. ಅಷ್ಟಕ್ಕೇ ಗೃಹಸ್ಥರು ನಿರಾಶರಾಗಿದ್ದರು; ಹದಿಮೂರರ ಹುಡುಗನಿಂದ ಅದಕ್ಕಿಂತ ಹೆಚ್ಚಿನದನ್ನು ಅದೇ ದಿನ ಬಯಸಬಾರದೆಂದು ಪತ್ನಿಯೇ ಸಮಾಧಾನ ಹೇಳಿದರು.

ದಿನಚರಿಗೂ ಕೆಲವು ಕಟ್ಟುಪಾಡು ಹಾಕಿದೆವು. ಪಂದ್ಯ ಮುಗಿದ ಕೂಡಲೇ ಟಿವಿ ಆರಿಸಿ, ಚಳಿಯಿದ್ದರೂ ಅರ್ಧ ಗಂಟೆ ಹೊರಗೆ ನಡೆಯಬೇಕು. ಸೋತ ರಾತ್ರಿ ರೇಡಿಯೋ ಚರ್ಚೆ ಕೇಳಬಾರದು, ಏಕೆಂದರೆ ಅದು ಸಿಟ್ಟನ್ನು ಮಂಗಳವಾರದವರೆಗೆ ಬೆಚ್ಚಗಿಡುತ್ತದೆ. ಭಾನುವಾರ ಸಂಜೆ ಊರಿಗೆ ಕರೆ ಮಾಡುವ ಕೆಲಸ ಇನ್ನು ಮುಂದೆ ಗೃಹಸ್ಥರದೇ, ಗೆದ್ದರೂ ಸೋತರೂ.

ಆ ಬೆಂಗಾಲ್ಸ್ ಪಂದ್ಯದ ಮುಂದಿನ ವಾರವೇ ಬದಲಿ ಕ್ವಾರ್ಟರ್‌ಬ್ಯಾಕ್ ಜೇಮಿಸ್ ವಿನ್‌ಸ್ಟನ್ ಆಟದಲ್ಲಿ ಬ್ರೌನ್ಸ್ 29-24ರಿಂದ ಬಾಲ್ಟಿಮೋರನ್ನು ಸೋಲಿಸಿತು. ಗೃಹಸ್ಥರು ನಗುನಗುತ್ತಾ ಬಂದು ಇನ್ನು ಸಲಹೆ ಬೇಕಾಗಲಾರದು ಎಂದರು. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲೇ ತೋರಿಸಿದಂತೆ, ಗೆದ್ದಾಗ ಜನ ತಂಡದ ಕೀರ್ತಿಯನ್ನು ಮೈಮೇಲೆ ಹೊದ್ದುಕೊಳ್ಳುತ್ತಾರೆ. ಆ ಹೊದಿಕೆಯನ್ನು ಗುಣವೆಂದು ಭ್ರಮಿಸಬಾರದು. ಮುಂದಿನ ಸೋಲಿನವರೆಗಾದರೂ ಬನ್ನಿ ಎಂದೆ. ಡಿಸೆಂಬರ್ 2ರಂದು ಡೆನ್ವರಿನಲ್ಲಿ ಅದೇ ವಿನ್‌ಸ್ಟನ್ ಎಸೆತಗಳಿಂದ ಒಟ್ಟು 497 ಗಜ ಗಳಿಸಿದರೂ ಅವರ ಮೂರು ಎಸೆತಗಳು ಎದುರಾಳಿಯ ಕೈಸೇರಿ, ಅದರಲ್ಲಿ ಎರಡು ನೇರ ಟಚ್‌ಡೌನ್ ಆಗಿ, ತಂಡ 41-32ರಿಂದ ಸೋತಿತು. ರಾತ್ರಿ ತಡವಾಗಿ ಮುಗಿದ ಆ ಪಂದ್ಯದ ನಂತರ ಅವರು ಟಿವಿಗೆ ಬೈದರು, ಆದರೆ ಏನನ್ನೂ ಎಸೆಯಲಿಲ್ಲ, ಹೊರಗೆ ಹೋಗಿ ನಡೆದು ಬಂದರು. ಬೈಗುಳಕ್ಕೆ ನನ್ನ ಅಡ್ಡಿಯಿಲ್ಲ. ತಂಡ ಆ ಋತುವನ್ನು 3 ಗೆಲುವು, 14 ಸೋಲುಗಳಲ್ಲಿ ಮುಗಿಸಿತು.

ಮುಂದಿನ ವಸಂತದಲ್ಲಿ ತಂಡದ ಮಾಲೀಕರು ವಾಟ್ಸನ್ ಒಪ್ಪಂದ ಗುರಿ ತಪ್ಪಿತೆಂದು ಸಾರ್ವಜನಿಕವಾಗಿ ಒಪ್ಪಿಕೊಂಡರು. ಅದನ್ನು ಕೇಳಿ ಮನಸ್ಸು ಹಗುರವಾಯಿತೇ ಎಂದು ಕೇಳಿದೆ. ಹಗುರವಾಗಲಿಲ್ಲ, ಆದರೆ ಯಾರ ಮೇಲೆ ಸಿಟ್ಟಾಗಬೇಕಿತ್ತೆಂಬುದು ಗೊತ್ತಾಯಿತು ಎಂದರು. ಸೀಸನ್ ಟಿಕೆಟ್ ನವೀಕರಿಸಲಿಲ್ಲ. ಮಗ ಕೇಳಿದ ಪಂದ್ಯಕ್ಕೆ ಮಾತ್ರ ಹೋಗುವುದೆಂದು ಮೂವರೂ ಸೇರಿ ತೀರ್ಮಾನಿಸಿದರು. ಅಲ್ಲಿಗೆ ನಿಯಮಿತ ಭೇಟಿಗಳನ್ನು ನಿಲ್ಲಿಸಿದೆವು, ವಸ್ತು ಎಸೆಯುವುದು, ಬಾಜಿ ಅಥವಾ ಒಂದು ದಿನಕ್ಕಿಂತ ಹೆಚ್ಚಿನ ಮೌನ ಮರಳಿದರೆ ಪತ್ನಿ ಯಾರನ್ನೂ ಕೇಳದೆ ನನಗೆ ಕರೆ ಮಾಡಬೇಕೆಂಬ ಷರತ್ತಿನ ಮೇಲೆ.

2025ರ ಸೆಪ್ಟೆಂಬರ್ 7ರಂದು ಮೊದಲ ಪಂದ್ಯದಲ್ಲೇ ಬ್ರೌನ್ಸ್ ಅದೇ ಬೆಂಗಾಲ್ಸ್‌ಗೆ 17-16ರಿಂದ ಸೋತಿತು. ಚೆಂಡನ್ನು ಒದ್ದು ಅಂಕ ತರಬೇಕಾದ ಹೊಸ ಕಿಕ್ಕರ್ ಒಂದು ಫೀಲ್ಡ್ ಗೋಲನ್ನೂ ಟಚ್‌ಡೌನ್ ನಂತರದ ಒಂದು ಹೆಚ್ಚುವರಿ ಅಂಕವನ್ನೂ ತಪ್ಪಿಸಿದ್ದರು. ಆ ರಾತ್ರಿ ಪತ್ನಿಯ ಸಂದೇಶ ಬಂತು. ಗಂಡ ನಡೆದು ಬಂದು ಊರಿಗೆ ಕರೆ ಮಾಡಿದ್ದಾರೆ, ಆದರೆ ಈಗ ಕಿಕ್ಕರನ್ನು ಬಯ್ಯುತ್ತಿರುವವನು ಮಗ, ಅವನನ್ನು ಕೂರಿಸಿಕೊಂಡು ಇವರು ಹಾಳೆಯ ಮೇಲೆ ಅಂಕಣ ಎಳೆಯುತ್ತಿದ್ದಾರೆ ಎಂದು. ಹುಡುಗನ ನಿದ್ದೆ ಕೆಡದಿದ್ದರೆ ಸಾಕು, ಬಯ್ಯಲಿ ಬಿಡಿ ಎಂದು ಉತ್ತರಿಸಿದೆ.