ಕಾಲು ನಡೆಯುತ್ತದೆ, ದೇಹ ತೇಲುತ್ತದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೆಲವು ತಿಂಗಳುಗಳಿಂದ ಬ್ಲೆಂಡರ್ ಎಂಬ ತ್ರಿಡಿ ಸಾಫ್ಟ್‌ವೇರ್‌ನಲ್ಲಿ ಆನಿಮೇಷನ್ ಕಲಿಯುತ್ತಿದ್ದೇನೆ. ಸಿದ್ಧವಾಗಿ ಸಿಕ್ಕ ರಿಗ್ (ಪಾತ್ರವನ್ನು ಆಡಿಸುವ ಮೂಳೆಗಳ ಚೌಕಟ್ಟು) ಒಂದನ್ನು ಬಳಸಿ, ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ ಒಂದು ವಾಕ್ ಸೈಕಲ್ (ಮತ್ತೆ ಮತ್ತೆ ಓಡಿಸುವ ಎರಡು ಹೆಜ್ಜೆಗಳ ನಡಿಗೆ) ಮಾಡಿದ್ದೇನೆ. ಕಾಲುಗಳು ಸರಿಯಾಗಿಯೇ ಆಡುತ್ತವೆ. ಆದರೂ ಪಾತ್ರ ನೆಲದ ಮೇಲೆ ತೇಲಿದಂತೆ ಕಾಣುತ್ತದೆ. ಪಾತ್ರವನ್ನು ಮುಂದಕ್ಕೆ ಸಾಗಿಸಿದರೆ ಪಾದಗಳು ಜಾರುತ್ತವೆ. ಸೈಕಲ್ ಪ್ರತಿ ಸಲ ಮೊದಲಿಗೆ ಮರಳುವಾಗ ಸಣ್ಣದೊಂದು ತಡೆಯೂ ಕಾಣುತ್ತದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ನೀವು ಬರೆದಿರುವುದು ಮೂರು ಬೇರೆ ಬೇರೆ ದೋಷಗಳು. ಜಾರುವುದು ಲೆಕ್ಕದ ದೋಷ, ತಡೆದು ಓಡುವುದು ಕರ್ವ್‌ನ, ಅಂದರೆ ಫ್ರೇಮಿನಿಂದ ಫ್ರೇಮಿಗೆ ಚಲನೆಯನ್ನು ತೋರಿಸುವ ಗೆರೆಯ ದೋಷ. ಎರಡೂ ಬೇಗ ಸರಿಹೋಗುತ್ತವೆ. ತೇಲುವುದು ಭಾರಕ್ಕೆ ಸಂಬಂಧಿಸಿದ್ದು, ಅದರ ಮೂಲ ಸೊಂಟದಲ್ಲಿದೆ. ಹಾಗಾಗಿ ಸೊಂಟದಿಂದಲೇ ಆರಂಭಿಸೋಣ.

ನಡೆಯುವವನು ಪ್ರತಿ ಹೆಜ್ಜೆಗೂ ಮುಂದಕ್ಕೆ ಬೀಳುತ್ತಾನೆ, ಬೀಳುವ ಮೊದಲೇ ಇನ್ನೊಂದು ಕಾಲನ್ನು ಊರಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತಾನೆ. ಆನಿಮೇಟರ್‌ಗಳು ಬಳಸುವ ನಾಲ್ಕು ಮುಖ್ಯ ಪೋಸ್‌ಗಳು ಈ ಬೀಳುವಿಕೆ ಮತ್ತು ಹಿಡಿತದ ನಾಲ್ಕು ಘಟ್ಟಗಳೇ ಆಗಿವೆ. 1ನೆಯ ಫ್ರೇಮಿನ ಕಾಂಟ್ಯಾಕ್ಟ್ ಪೋಸ್‌ನಲ್ಲಿ ಮುಂದಿನ ಕಾಲಿನ ಹಿಮ್ಮಡಿ ಆಗಷ್ಟೇ ನೆಲ ಮುಟ್ಟಿರುತ್ತದೆ, ಹಿಂದಿನ ಕಾಲು ಬೆರಳುಗಳ ಮೇಲೆ ನಿಂತಿರುತ್ತದೆ. 4ನೆಯ ಫ್ರೇಮಿನ ಡೌನ್ ಪೋಸ್‌ನಲ್ಲಿ ಅಂಗಾಲು ಪೂರ್ತಿ ನೆಲಕ್ಕೆ ಊರಿ, ಮೊಣಕಾಲು ಬಾಗಿ, ದೇಹ ಅತಿ ಕೆಳಗೆ ಇಳಿದಿರುತ್ತದೆ. 7ನೆಯದು ಪಾಸಿಂಗ್: ಊರಿದ ಕಾಲು ಹೆಚ್ಚುಕಡಿಮೆ ನೇರವಾಗಿರುತ್ತದೆ, ಇನ್ನೊಂದು ಕಾಲು ಮಡಚಿಕೊಂಡು ಅದರ ಪಕ್ಕದಿಂದ ಸಾಗುತ್ತದೆ. 10ನೆಯ ಫ್ರೇಮಿನ ಅಪ್ ಪೋಸ್‌ನಲ್ಲಿ ಹಿಮ್ಮಡಿ ಏಳುತ್ತದೆ, ದೇಹ ಅತಿ ಎತ್ತರಕ್ಕೆ ಬರುತ್ತದೆ. 13ರಲ್ಲಿ ಮತ್ತೆ ಕಾಂಟ್ಯಾಕ್ಟ್, ಆದರೆ ಕಾಲು ಅದಲುಬದಲು. 25ನೆಯದು 1ನೆಯದರ ನಕಲು.

ಹೊಸದಾಗಿ ಕಲಿಯುವವರು ಹೆಚ್ಚಾಗಿ ಬಿಟ್ಟುಬಿಡುವುದು ಡೌನ್ ಪೋಸ್ ಅನ್ನು. ನಿಮ್ಮ ಪಾತ್ರ ತೇಲುವುದಕ್ಕೂ ಬಹುಶಃ ಅದೇ ಕಾರಣ. ಹಿಮ್ಮಡಿ ತಗುಲಿದ ಮೇಲೆ ದೇಹ ಇನ್ನಷ್ಟು ಕುಸಿಯಬೇಕು, ಏಕೆಂದರೆ ಬಿದ್ದ ಭಾರವನ್ನು ಮೊಣಕಾಲು ನುಂಗಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಈ ಕುಸಿತ ಇಲ್ಲದಿದ್ದರೆ, ಉಳಿದೆಲ್ಲವೂ ಸರಿಯಿದ್ದರೂ, ಪಾತ್ರಕ್ಕೆ ತೂಕವಿದೆ ಎಂದು ಕಣ್ಣು ಒಪ್ಪುವುದಿಲ್ಲ. ನಾನು ಆರಂಭದ ದಿನಗಳಲ್ಲಿ ಒಂದು ನಡಿಗೆಗಾಗಿ ಇಡೀ ವಾರ ಕೈಗಳನ್ನು ತಿದ್ದಿದ್ದೆ. ಕೊನೆಗೆ ಕೈ, ತಲೆ ಎರಡನ್ನೂ ಮರೆಮಾಡಿ ನೋಡಿದಾಗ, ಸೊಂಟ ಹಳಿಯ ಮೇಲಿನ ಗಾಡಿಯಂತೆ ಒಂದೇ ಎತ್ತರದಲ್ಲಿ ಸಾಗುತ್ತಿದ್ದುದು ಕಂಡಿತು. ಈಗಲೂ ಸೊಂಟ ಮತ್ತು ಕಾಲು ನಂಬುವಂತಾಗುವವರೆಗೆ ಉಳಿದ ಅಂಗಗಳನ್ನು ನಾನು ತೆರೆಯುವುದಿಲ್ಲ. ನೀವೂ ಹಾಗೆಯೇ ಮಾಡಿ ಎಂದು ಒತ್ತಿ ಹೇಳುತ್ತೇನೆ.

ಗ್ರಾಫ್ ಎಡಿಟರ್ ತೆರೆದು ಸೊಂಟದ ಕರ್ವ್‌ಗಳನ್ನು ಮಾತ್ರ ನೋಡಿ. ಮೇಲೆ-ಕೆಳಗೆ ಹೋಗುವ ಕರ್ವ್‌ನಲ್ಲಿ ಒಂದು ಸೈಕಲ್‌ಗೆ ಎರಡು ದಿಣ್ಣೆಗಳಿರಬೇಕು, ಏಕೆಂದರೆ ಹೆಜ್ಜೆಗಳು ಎರಡು. ಎಡ-ಬಲಕ್ಕೆ ಹೋಗುವ ಕರ್ವ್‌ನಲ್ಲಿ ಒಂದೇ ದಿಣ್ಣೆ, ಒಂದೇ ತಗ್ಗು, ಏಕೆಂದರೆ ಭಾರವು ಒಮ್ಮೆ ಎಡಗಾಲಿನ ಮೇಲೆ, ಒಮ್ಮೆ ಬಲಗಾಲಿನ ಮೇಲೆ ಕೂರುತ್ತದೆ. ಪಾಸಿಂಗ್ ಪೋಸ್‌ನಲ್ಲಿ ಸೊಂಟ ಊರಿದ ಪಾದದ ಕಡೆಗೆ ಸರಿದಿರಬೇಕು, ಗಾಳಿಯಲ್ಲಿರುವ ಕಾಲಿನ ಬದಿ ತುಸು ಕೆಳಕ್ಕೆ ವಾಲಿರಬೇಕು. ಕಾಂಟ್ಯಾಕ್ಟ್‌ನಲ್ಲಿ ಸೊಂಟವು ಮುಂದಿನ ಕಾಲಿನ ಜೊತೆಗೆ ತಿರುಗುತ್ತದೆ, ಭುಜಗಳು ಅದಕ್ಕೆ ಎದುರಾಗಿ ತಿರುಗುತ್ತವೆ. ಇಷ್ಟು ಕೂಡಿಬಂದರೆ ನಡಿಗೆಯ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆಯೇ. ಸಂದೇಹ ಬಂದಾಗ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ 1887ರಲ್ಲಿ ಪ್ರಕಟಿಸಿದ 781 ಫಲಕಗಳಲ್ಲಿ ಮನುಷ್ಯರ ನಡಿಗೆಯ ಚಿತ್ರಗಳನ್ನು ಹುಡುಕಿ, ಸೊಂಟದ ಎತ್ತರಕ್ಕೆ ಸರಿಯಾಗಿ ಒಂದು ಅಡ್ಡ ಪಟ್ಟಿ ಹಿಡಿದು ನೋಡಿ. ಚಿತ್ರದಿಂದ ಚಿತ್ರಕ್ಕೆ ದೇಹ ಏರಿಳಿಯುವುದು ಕಣ್ಣಿಗೆ ಕಾಣುತ್ತದೆ.

ಪಾದ ಜಾರುವ ವಿಷಯಕ್ಕೆ ಬರೋಣ. ಕಾಂಟ್ಯಾಕ್ಟ್ ಪೋಸ್‌ನಲ್ಲಿ ಎರಡು ಪಾದಗಳ ನಡುವಿನ ಅಂತರ 36 ಯೂನಿಟ್ ಎಂದಿಟ್ಟುಕೊಳ್ಳಿ. 12 ಫ್ರೇಮ್‌ಗಳಲ್ಲಿ ಒಂದು ಹೆಜ್ಜೆ ಮುಗಿಯುವುದರಿಂದ ಪಾತ್ರ ಪ್ರತಿ ಫ್ರೇಮಿಗೆ 3 ಯೂನಿಟ್ ಮುಂದೆ ಹೋಗಬೇಕು, ಒಂದು ಸೈಕಲ್‌ಗೆ 72. ನಿಂತಲ್ಲೇ ನಡೆಯುವ ಸೈಕಲ್‌ನಲ್ಲಿ ಊರಿದ ಪಾದವೂ ಪ್ರತಿ ಫ್ರೇಮಿಗೆ ಸರಿಯಾಗಿ 3 ಯೂನಿಟ್ ಹಿಂದೆ ಬರಬೇಕು. ಆದರೆ ಸಾಫ್ಟ್‌ವೇರ್ ತಾನಾಗಿಯೇ ಕೀ ಫ್ರೇಮ್‌ಗಳ (ನೀವು ಪೋಸ್ ಗುರುತಿಸಿದ ಫ್ರೇಮ್‌ಗಳ) ನಡುವೆ ಬಾಗಿದ ಕರ್ವ್ ಎಳೆಯುವುದರಿಂದ ಪಾದ ಮೊದಲು ನಿಧಾನವಾಗಿ, ಮಧ್ಯದಲ್ಲಿ ವೇಗವಾಗಿ ಚಲಿಸುತ್ತದೆ. ನೆಲವಾದರೋ ಒಂದೇ ವೇಗದಲ್ಲಿ ಸರಿಯುತ್ತಿರುತ್ತದೆ. ಆದ್ದರಿಂದ ಪಾದ ನೆಲದಲ್ಲಿರುವಷ್ಟು ಹೊತ್ತು ಅದರ ಹಿಂದು-ಮುಂದಿನ ಕರ್ವ್ ಅನ್ನು ಲೀನಿಯರ್ (ನೇರ ಗೆರೆ) ಮಾಡಿ, ಗಾಳಿಯಲ್ಲಿರುವಾಗ ಮಾತ್ರ ಬಾಗಲು ಬಿಡಿ.

ಸೈಕಲ್‌ನ ತಡೆಗೆ ಎರಡು ಕಾರಣಗಳಿರಬಹುದು. 1 ಮತ್ತು 25 ಒಂದೇ ಪೋಸ್ ಆದ್ದರಿಂದ, 1ರಿಂದ 25ರವರೆಗೆ ಓಡಿಸಿದರೆ ಅದೇ ಚಿತ್ರ ಎರಡು ಸಲ ಬಂದು ಕ್ಷಣಕಾಲ ನಿಂತಂತಾಗುತ್ತದೆ, 24ಕ್ಕೆ ನಿಲ್ಲಿಸಿ. ಹಾಗೆ ಮಾಡಿದರೂ ತಡೆ ಉಳಿದರೆ, ಮೊದಲ ಮತ್ತು ಕೊನೆಯ ಕೀಗಳಲ್ಲಿ ಕರ್ವ್‌ನ ಇಳಿಜಾರು ಒಂದೇ ಆಗಿಲ್ಲ ಎಂದರ್ಥ. ಬ್ಲೆಂಡರ್‌ನ ಗ್ರಾಫ್ ಎಡಿಟರ್‌ನಲ್ಲಿ ಕರ್ವ್‌ಗಳಿಗೆ ಸೈಕಲ್ಸ್ ಮಾಡಿಫೈಯರ್ ಹಾಕಿದರೆ ಮುಂದಿನ ಸುತ್ತು ಪಕ್ಕದಲ್ಲೇ ಕಾಣುವುದರಿಂದ, ಜೋಡಣೆ ಮುರಿದಿರುವ ಜಾಗವನ್ನು ನೋಡಿಯೇ ತಿದ್ದಬಹುದು.

ಇನ್ನೊಂದು ಮಾತು. ಐಕೆ ಕಾಲುಗಳಲ್ಲಿ, ಅಂದರೆ ಪಾದವನ್ನು ಸರಿಸಿದರೆ ಮೊಣಕಾಲು ತಾನಾಗಿ ಬಾಗುವ ಕಾಲುಗಳಲ್ಲಿ, ಪಾದ ಸೊಂಟದಿಂದ ತೀರಾ ದೂರ ಹೋದರೆ ಮೊಣಕಾಲು ತಟ್ಟನೆ ನೆಟ್ಟಗಾಗಿ ಹೊಡೆದಂತೆ ಕಾಣುತ್ತದೆ. ಆ ಫ್ರೇಮಿನಲ್ಲಿ ಸೊಂಟವನ್ನು ಕೂದಲೆಳೆಯಷ್ಟು ಇಳಿಸಿ, ಮೊಣಕಾಲಿನಲ್ಲಿ ಸಣ್ಣ ಬಾಗು ಉಳಿಸಿಕೊಳ್ಳಿ.

ಪ್ರಶ್ನೆ: ದಣಿದ ಮುದುಕನ ನಡಿಗೆ ಬೇಕಾಗಿದೆ. ಸಾಮಾನ್ಯ ಸೈಕಲ್‌ನ ಕೀಗಳನ್ನೇ 40 ಫ್ರೇಮ್‌ಗಳಿಗೆ ಹಿಗ್ಗಿಸಿದರೆ ಸಾಲದೇ?

ಉತ್ತರ: ಸಾಲದು. ಹಿಗ್ಗಿಸಿದಾಗ ಬೀಳುವಿಕೆಯೂ ನಿಧಾನವಾಗುತ್ತದೆ, ಮುದುಕ ನೀರಿನೊಳಗೆ ನಡೆದಂತೆ ಕಾಣುತ್ತಾನೆ. ವಯಸ್ಸಾದರೂ ಭೂಮಿ ಎಳೆಯುವ ಬಲ ಕಡಿಮೆಯಾಗುವುದಿಲ್ಲವಲ್ಲ. ಒಂದು ಹೆಜ್ಜೆಗೆ 20 ಫ್ರೇಮ್ ಕೊಡುವುದು ಸರಿಯೇ, ಆದರೆ ಹೆಚ್ಚಾದ 8 ಫ್ರೇಮ್‌ಗಳನ್ನು ಎಲ್ಲ ಕಡೆಗೂ ಸಮನಾಗಿ ಹಂಚಬೇಡಿ. ಎರಡೂ ಪಾದಗಳು ನೆಲದಲ್ಲಿರುವ ಹೊತ್ತನ್ನು ಹೆಚ್ಚಿಸಿ, ಹೆಜ್ಜೆಯನ್ನು ಗಿಡ್ಡ ಮಾಡಿ, ಪಾದ ನೆಲದಿಂದ ಸ್ವಲ್ಪವೇ ಮೇಲೇಳುವಂತೆ ಇಡಿ. ಅಪ್ ಪೋಸ್ ಅನ್ನು ತಗ್ಗಿಸಿ, ಏಕೆಂದರೆ ಅವನಿಗೆ ನೆಲವನ್ನು ಬಲವಾಗಿ ಒದೆಯುವ ಶಕ್ತಿಯಿಲ್ಲ. ಕಾಂಟ್ಯಾಕ್ಟ್‌ನಿಂದ ಡೌನ್‌ಗೆ ಇಳಿಯುವ ಫ್ರೇಮ್‌ಗಳನ್ನು ಮಾತ್ರ ಮುಟ್ಟಬೇಡಿ. ಅವು ಮೊದಲಿನಂತೆ ಮೂರೇ ಇರಲಿ. ಇಳಿದ ದೇಹವನ್ನು ಮೇಲೆತ್ತಲು ಅವನು ತೆಗೆದುಕೊಳ್ಳುವ ಹೊತ್ತಿನಲ್ಲಿ ದಣಿವು ಕಾಣಿಸುತ್ತದೆ.