ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ ಕಿವಿ ಮಂದವಾಗಿದೆ, ಏನು ಮಾಡಲಿ?

ಪ್ರಶ್ನೆ: ಅಪ್ಪನಿಗೆ 61 ವರ್ಷ. ದುಡಿದದ್ದೆಲ್ಲ ಪವರ್‌ಲೂಮ್‌ಗಳ ನಡುವೆ. 12 ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಈಗ ಟಿ.ವಿ. ಸದ್ದು ಓಣಿಗೆಲ್ಲ ಕೇಳುವಂತೆ ಇಡುತ್ತಾರೆ, ಎರಡು ಸಲ ಕರೆದರೆ ಸಿಟ್ಟಾಗುತ್ತಾರೆ. ‘ಮಗ್ಗದ ಸದ್ದಿಗೆ ಕಿವಿ ಹೋಗಿದೆ, ಬಿಡು’ ಎನ್ನುತ್ತಾರೆ. ಶುಗರ್‌ನಿಂದಲೂ ಕಿವಿ ಮಂದವಾಗುತ್ತದೆಯೇ? ಅದು ಹತೋಟಿಗೆ ಬಂದರೆ ಮತ್ತೆ ಕೇಳಿಸುತ್ತದೆಯೇ? ಅವ್ವ ದಿನಾಲೂ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಾಳೆ.
– ಓದುಗರು, ಗದಗ-ಬೆಟಗೇರಿ

ಉತ್ತರ: ಎಣ್ಣೆಯನ್ನು ಇಂದೇ ನಿಲ್ಲಿಸಿರಿ. ನಿಮ್ಮ ಪತ್ರದಲ್ಲಿ ತುರ್ತಿನ ವಿಷಯ ಅದೇ. ಸಕ್ಕರೆ ಕಾಯಿಲೆ ಇರುವ ಹಿರಿಯರ ಕಿವಿಯಲ್ಲಿ ಸಣ್ಣ ಗೀರು, ಒಂದಿಷ್ಟು ತೇವ ಇದ್ದರೂ ಸಾಕು, ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೇರೂರಿ ಸೋಂಕು ತಲೆಬುರುಡೆಯ ಮೂಳೆಗೂ ಹಬ್ಬಬಹುದು. ರಾತ್ರಿ ನಿದ್ದೆಗೆಡಿಸುವ ಕಿವಿನೋವು, ಕೀವು, ಮುಖ ಒಂದು ಬದಿಗೆ ಸೊಟ್ಟಗಾಗುವುದು ಕಂಡರೆ ಒಂದು ದಿನವೂ ತಡಮಾಡಬೇಡಿ. ಅದು ಜೀವಕ್ಕೇ ಎರವಾಗುವ ಕಾಯಿಲೆ. ಬೆಂಕಿಕಡ್ಡಿ, ಹೇರ್‌ಪಿನ್ ಕೂಡ ಬೇಡ. ಅವ್ವನನ್ನು ಮಾತ್ರ ಗದರಬೇಡಿ, ಅಕ್ಕರೆಯಿಂದ ಮಾಡುತ್ತಿದ್ದಾರೆ.

ಇನ್ನು ನಿಮ್ಮ ಪ್ರಶ್ನೆ. ಹೌದು, ಶುಗರ್‌ಗೂ ಕಿವಿಗೂ ನಂಟಿದೆ. ಮಧುಮೇಹಿಗಳಲ್ಲಿ ಶ್ರವಣದೋಷ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 2008ರಲ್ಲೇ ತೋರಿಸಿದ್ದಾರೆ. ಒಳಗಿವಿಯ ಕಾಕ್ಲಿಯಾಗೆ ರಕ್ತ ತಲುಪುವುದು ಅತಿ ಸಣ್ಣ ನಾಳಗಳಿಂದ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಆ ನಾಳಗಳ ಗೋಡೆ ದಪ್ಪವಾಗುತ್ತದೆ, ಸದ್ದನ್ನು ಹಿಡಿಯುವ ಕೂದಲುಕೋಶಗಳು ಸೊರಗುತ್ತವೆ, ನರವೂ ಕೆಡುತ್ತದೆ. ಕಣ್ಣಿನ ರೆಟಿನಾ ಮತ್ತು ಮೂತ್ರಪಿಂಡ ಹಾಳಾಗುವುದೂ ಹೆಚ್ಚುಕಡಿಮೆ ಹೀಗೆಯೇ. ಆದರೂ ಕಣ್ಣು, ಮೂತ್ರ, ಪಾದ ನೋಡುವ ನಾವು ವೈದ್ಯರು ‘ಕಿವಿ ಹೇಗಿದೆ?’ ಎಂದು ಕೇಳುವುದೇ ಅಪರೂಪ. ಇದು ಬದಲಾಗಲೇಬೇಕು. ಮಧುಮೇಹ ಪತ್ತೆಯಾದಾಗ ಒಮ್ಮೆ, ಅನಂತರ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ನಿಮ್ಮ ಅಪ್ಪ ಹೇಳುವುದೂ ನಿಜ. ಮಗ್ಗದ ಸದ್ದು ಮೊದಲು 4000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಸದ್ದುಗಳ ಕೇಳುವಿಕೆಯನ್ನು ತಿನ್ನುತ್ತದೆ. ಅದರ ಮೇಲೆ ಮಧುಮೇಹ, ವಯಸ್ಸು. ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಚಿಕಿತ್ಸೆಗೆ ಅದು ಬೇಕಾಗಿಯೂ ಇಲ್ಲ. ಇಂಥವರಿಗೆ ಸದ್ದು ಕೇಳಿಸುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಮೊಮ್ಮಗಳು ‘ಸಾಕು’ ಎಂದರೆ ‘ಹಾಕು’ ಎಂದು ಕೇಳಿ ಅಜ್ಜ ಇನ್ನೊಂದು ರೊಟ್ಟಿ ಬಡಿಸುತ್ತಾರೆ, ಎಲ್ಲರೂ ನಗುತ್ತಾರೆ. ಆ ನಗು ಅವರನ್ನು ಎಷ್ಟು ಕುಗ್ಗಿಸುತ್ತದೆ ಎಂಬುದು ಮನೆಯವರಿಗೆ ತಿಳಿಯುವುದಿಲ್ಲ. ಸಿಟ್ಟಿನ ಮೂಲ ಅಲ್ಲಿದೆ. ಬೆನ್ನ ಹಿಂದಿನಿಂದ ಕೂಗುವ ಬದಲು ಎದುರಿಗೆ ಕುಳಿತು ನಿಧಾನವಾಗಿ ಮಾತನಾಡಿ.

ಸತ್ತ ಕೂದಲುಕೋಶ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಶುಗರ್ ಹತೋಟಿಗೆ ಬಂದರೂ ಹೋದದ್ದು ಮರಳದು, ಉಳಿದದ್ದನ್ನು ಕಾಪಾಡಿಕೊಳ್ಳಲು ನೆರವಾಗುತ್ತದೆ. ಗುಗ್ಗೆ ಕಟ್ಟಿಕೊಂಡಿದ್ದರೆ ಮಾತ್ರ ತೆಗೆಸಿದ ಕೂಡಲೇ ಕೇಳಿಸೀತು. ಅದಕ್ಕೇ ಮೊದಲು ಪರೀಕ್ಷೆಯಾಗಲಿ. ಗದಗದ ಜಿಮ್ಸ್ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಸರ್ಕಾರಿ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕರೆದೊಯ್ಯಿರಿ. ಆಡಿಯೋಮೆಟ್ರಿ ಎಂದರೆ ಹೆಡ್‌ಫೋನ್ ಹಾಕಿಕೊಂಡು ಸದ್ದು ಕೇಳಿದಾಗ ಸನ್ನೆ ಮಾಡುವುದು, ಅಷ್ಟೇ. ಶ್ರವಣಯಂತ್ರ ಬೇಕೆಂದರೆ ಮುಂದೂಡಬೇಡಿ. ‘ಇನ್ನೂ ಸ್ವಲ್ಪ ಹೋಗಲಿ, ಆಮೇಲೆ ನೋಡೋಣ’ ಎನ್ನುತ್ತ ಕಳೆದ ವರ್ಷಗಳಲ್ಲಿ ಮಾತನ್ನು ಗ್ರಹಿಸುವ ಶಕ್ತಿಯೂ ಕುಂದುತ್ತದೆ.

ಎಂದಾದರೂ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ, ಅದು ತುರ್ತು ಸ್ಥಿತಿ, ಅಂದೇ ಹೊರಡಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಮಾತ್ರೆ ಶುಗರ್ ಏರಿಸುತ್ತದೆ, ಆದ್ದರಿಂದ ಮಧುಮೇಹವಿದೆ ಎಂದು ಮೊದಲೇ ಹೇಳಿ; ಕಿವಿಯೊಳಗೇ ಇಂಜೆಕ್ಷನ್ ಕೊಡುವ ದಾರಿಯೂ ಇದೆ. ಜೆಂಟಾಮೈಸಿನ್‌ನಂಥ ಕೆಲವು ಔಷಧಗಳಿಂದಲೂ ಕಿವಿ ಕೆಡುವುದುಂಟು. ಹೋಗುವಾಗ ಎಲ್ಲ ಮಾತ್ರೆಗಳ ಚೀಟಿ ಮತ್ತು ಕೊನೆಯ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ವರದಿ ಜೊತೆಯಲ್ಲಿರಲಿ.